ಅಜ್ಜಿಗೆ ಮಾತ್ರ ಕೇಳಿಸಿದ ಹಾಡು

ಆ ಹಾಡನ್ನು ನಾನು ಹಾಕಿದ್ದು ಒಟ್ಟು ಮುನ್ನೂರ ತೊಂಬತ್ತನಾಲ್ಕು ಸಲ. ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ, ಬೆಳಗಿನದು ಬೇರೆ, ಮಧ್ಯಾಹ್ನದ್ದು ಬೇರೆ. ಅವುಗಳಲ್ಲಿ ಒಂದನ್ನೂ ನಾನು ಕೂತು ಕೇಳಲಿಲ್ಲ. ಅವನ್ನು ಯಾರು ಕೇಳಿದರು ಎಂಬುದು ಎಂಟು ವಾರ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು. ಅದನ್ನೂ ಬರೆದಿಟ್ಟಿದ್ದೇನೆ.

ಅದು 2023ರ ವಸಂತ. ಕ್ಲಾರ್ಕ್ಸ್‌ಬರ್ಗ್‌ನ ನಮ್ಮ ಟೌನ್‌ಹೌಸಿನಲ್ಲಿ ಅಪ್ಪ, ಅಮ್ಮ, ನಾನು ಇದ್ದೆವು. ಜನವರಿಯಲ್ಲಿ ಧಾರವಾಡದಿಂದ ಅಪ್ಪನ ತಾಯಿ, ನನ್ನ ಅಜ್ಜಿ, ಬಂದು ನಾಲ್ಕನೆಯವರಾಗಿದ್ದರು. ನನಗೆ ಕಾಲೇಜು ಮುಗಿದು ಮೊದಲ ಕೆಲಸ. ಬುಧವಾರ ಮಾತ್ರ ರಾಕ್‌ವಿಲ್‌ನ ಆಫೀಸಿಗೆ ಹೋಗಬೇಕು, ಉಳಿದ ದಿನ ಮಲಗುವ ಕೋಣೆಯ ಮೇಜೇ ಆಫೀಸು. ದಿನಚರಿ ಬರೆಯುವುದು ಹನ್ನೆರಡನೇ ವಯಸ್ಸಿನಿಂದ ಬಂದ ಅಭ್ಯಾಸ. ಏಳನೇ ಇಯತ್ತೆಯವರೆಗೆ ಧಾರವಾಡದ ಕನ್ನಡ ಶಾಲೆಯಲ್ಲಿ ಓದಿ ಇಲ್ಲಿಗೆ ಬಂದಾಗ, ಇಲ್ಲಿನ ಸಹಪಾಠಿಗಳಿಗೆ ಓದಲು ಬಾರದ ಲಿಪಿಯೊಂದು ನನ್ನ ಬಳಿ ಇದೆ ಎಂಬ ಒಂದೇ ಕಾರಣಕ್ಕೆ ಕನ್ನಡದಲ್ಲಿ ಬರೆಯತೊಡಗಿದೆ. ಎದ್ದ ಹೊತ್ತು, ನಡೆದ ಹೆಜ್ಜೆ, ಕುಡಿದ ನೀರು, ಬಸ್ಸು ಎಷ್ಟು ನಿಮಿಷ ತಡ, ಎಲ್ಲವೂ ಅದರಲ್ಲಿ ಇರುತ್ತಿತ್ತು.

ಹಾಡಿನ ವಿಷಯ. ಆರು ಹುಡುಗಿಯರ ಒಂದು ಕೊರಿಯನ್ ತಂಡವಿತ್ತು. ನಾನು ಹೈಸ್ಕೂಲಿನಿಂದ ಅವರ ಅಭಿಮಾನಿ. ಎರಡು ವರ್ಷದಿಂದ ಅವರದ್ದು ಒಂದೂ ಹಾಡು ಬಂದಿರಲಿಲ್ಲ; ಕಂಪನಿ ಅವರನ್ನು ಕೈಬಿಡುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಮಾರ್ಚಿನಲ್ಲಿ ಒಂದು ವಿಡಿಯೊ ಗೇಮಿಗಾಗಿ ಅವರು ಹಾಡಿದ ಒಂದೇ ಒಂದು ಹಾಡು ಹೊರಬಂತು. ಆಟದಲ್ಲಿ ಒಬ್ಬಳು ದೋಣಿಯವಳು ನದಿಯುದ್ದಕ್ಕೂ ಜನರ ಕಾಗದಗಳನ್ನು ಮುಟ್ಟಿಸುತ್ತಾ ಹೋಗುತ್ತಾಳೆ. ಕೊನೆಯ ಮನೆಯ ಬಾಗಿಲು ತಟ್ಟಿದಾಗ ಈ ಹಾಡು ಶುರುವಾಗುತ್ತದೆ. ಅದಕ್ಕೇ ಹಾಡಿನ ಮೊದಲಲ್ಲಿ ಮರದ ಬಾಗಿಲಿಗೆ ಮೂರು ಬಡಿತ, ಆಮೇಲೆ ಒಂದು ಸಣ್ಣ ಗಂಟೆ, ಆಮೇಲೆ ಒಬ್ಬಳ ತಗ್ಗಿದ ದನಿ.

ಹಾಡನ್ನು ಹೆಚ್ಚು ಸಲ ಕೇಳಿದಷ್ಟೂ ಅದು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೇಲೇರುತ್ತದೆ, ಮೇಲೇರಿದರೆ ತಂಡ ಉಳಿಯುತ್ತದೆ ಎಂಬುದು ನಮ್ಮ ತರ್ಕ. ಹನ್ನೊಂದು ಜನರ ನಮ್ಮ ಅಭಿಮಾನಿ ಗುಂಪಿನ ಲೆಕ್ಕ ಇಡುತ್ತಿದ್ದವಳು ಷಾರ್ಲೆಟ್ ಊರಿನ ಒಬ್ಬ ಗೆಳತಿ. ಅವಳು ಬೆಂಗಳೂರಿನವರ ಮಗಳು. ಅಟ್ಲಾಂಟಾದಲ್ಲಿ ಇದೇ ತಂಡದ ಕಾರ್ಯಕ್ರಮಕ್ಕೆ ಬಿಸಿಲಲ್ಲಿ ಸಾಲು ನಿಂತಿದ್ದಾಗ, ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಹಿಡಿದುಕೊಂಡು ಫೋನಿನಲ್ಲಿ ‘ಹೂಂ ಅಮ್ಮ, ಅನ್ನ ಸಾರೇ ತಿಂದೆ’ ಅನ್ನುತ್ತಿದ್ದಳು. ನಾನು ನಕ್ಕುಬಿಟ್ಟೆ. ಪರಿಚಯವಾದದ್ದು ಹಾಗೆ.

ಅವಳ ನಿಯಮಗಳು ಕಟ್ಟುನಿಟ್ಟು.

“ಒಂದೇ ಹಾಡು ಲೂಪ್ ಮಾಡಬಾರದು ಕಣೇ, ಮಷಿನ್ ಅಂತ ಕೌಂಟ್ ಮಾಡಲ್ಲ. ಮಧ್ಯ ಎರಡು ಬೇರೆ ಸಾಂಗ್ ಇರ್ಬೇಕು. ಮ್ಯೂಟ್ ಅಂತೂ ಮಾಡ್ಲೇಬೇಡ. ವಾಲ್ಯೂಮ್ ಸ್ವಲ್ಪನಾದ್ರೂ ಇರ್ಲಿ.”

“ಮೀಟಿಂಗ್‌ನಲ್ಲಿ ಇರ್ತೀನಲ್ಲೇ.”

“ಹಳೇ ಫೋನ್ ಇಲ್ವಾ? ಅದನ್ನ ಡ್ರಾವರ್‌ನಲ್ಲಿ ಹಾಕಿ ಮುಚ್ಚಿಡು.”

ಹಳೇ ಫೋನು ಇತ್ತು. ಅದು ಹೇಗೆ ಖಾಲಿ ಉಳಿದಿತ್ತು ಎಂದರೆ, ಅಜ್ಜಿಯ ಕಿವಿಯ ಕಾರಣದಿಂದ.

ಅಜ್ಜಿಗೆ ಹತ್ತು ವರ್ಷದಿಂದ ಕಿವಿ ಮಂದವಾಗುತ್ತಾ ಬಂದಿತ್ತು. ಫೆಬ್ರುವರಿಯಲ್ಲಿ ಅವರನ್ನು ಕರೆದುಕೊಂಡು ಹೋಗಿ ಎರಡೂ ಕಿವಿಗೆ ಮಷಿನ್ ಹಾಕಿಸಿದೆವು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು. ಅವನ್ನು ಹೊಂದಿಸಲು ಒಂದು ಹೊಸ ಬಗೆಯ ಫೋನು ಬೇಕಿತ್ತು. ಅಜ್ಜಿಯ ಊರಿನ ಫೋನು ಆಗಿಬರಲಿಲ್ಲ. ಕ್ಲಿನಿಕ್ಕಿನವರು ನನ್ನ ಹಳೆಯದಕ್ಕೆ ಜೋಡಿಸಿಕೊಟ್ಟರು. ಅದನ್ನೇ ಅಜ್ಜಿಗೆ ಕೊಡುವುದೆಂದು ಮಾತಾಗಿತ್ತು. ಮನೆಗೆ ಬಂದ ಮೇಲೆ ಅವರು ಒಪ್ಪಲಿಲ್ಲ.

“ಒಂದ ಫೋನ ಸಂಭಾಳಸೂದ ರಗಡ ಆಗೈತಿ. ನೀನ ಇಟಗೋ ತಂಗಿ,” ಅಂದರು.

ನಾನು ಇಟ್ಟುಕೊಂಡೆ. ಮಾರ್ಚಿನಲ್ಲಿ ಹಾಡು ಬಂತು. ಬೆಳಿಗ್ಗೆ ಹತ್ತಕ್ಕೆ ಐದು ಸಲ, ಮಧ್ಯಾಹ್ನ ಮೂರಕ್ಕೆ ಐದು ಸಲ. ಪ್ರತಿ ಸರದಿಗೆ ಸುಮಾರು ಐವತ್ತು ನಿಮಿಷ. ಹೆಡ್‌ಫೋನ್ ಹಾಕಿಕೊಂಡೇ ಬಟನ್ ಒತ್ತಿ, ಫೋನನ್ನು ಡ್ರಾವರಿನಲ್ಲಿ ಕಾಲುಚೀಲಗಳ ಕೆಳಗೆ ಇಟ್ಟು, ಮೀಟಿಂಗಿಗೆ ಕೂರುತ್ತಿದ್ದೆ. ಬುಧವಾರ ಆಫೀಸು, ಆದ್ದರಿಂದ ಇಲ್ಲ. ಭಾನುವಾರ ಮನೆಮಂದಿಯೆಲ್ಲ ಹೊರಗೆ ತಿರುಗುವ ದಿನ, ಆದ್ದರಿಂದ ಇಲ್ಲ. ನನ್ನ ಕೋಣೆಯ ಪಕ್ಕದ್ದೇ ಅಜ್ಜಿಯ ಕೋಣೆ. ಕೆಳಗೆ ಅಡಿಗೆಮನೆ.

ಅಜ್ಜಿ ಬದಲಾಗುತ್ತಿದ್ದುದನ್ನು ಮೊದಲು ಕಂಡವಳು ಅಮ್ಮ. ಅಮ್ಮ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ಒಮ್ಮೆ ಹಗಲು ಪಾಳಿ, ಒಮ್ಮೆ ಸಂಜೆ ಪಾಳಿ. ಸಂಜೆ ಪಾಳಿಯ ವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತಿದ್ದಳು.

“ಇವತ್ತು ಮತ್ತ ಬಾಗಲಾ ತಗದು ನಿಂತಿದ್ರು. ಯಾರ ಬಂದಾರು ಅತ್ತಿ ಅಂದ್ರ, ಯಾರೂ ಇಲ್ಲ, ಗಾಳಿ ನೋಡಾಕ ಬಂದಿದ್ದೆ ಅಂದ್ರು,” ಎಂದು ಅಪ್ಪನಿಗೆ ಹೇಳಿದಳು.

ಅಪ್ಪ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದರು.

ನಾನೂ ಗಮನಿಸತೊಡಗಿದೆ. ಏಪ್ರಿಲ್‌ನ ಎರಡು ವಾರಗಳಲ್ಲಿ ಅಜ್ಜಿ ಬಾಗಿಲು ತೆಗೆಯಲು ಹೋದದ್ದು, ನಾನು ಕಂಡಷ್ಟು, ಐದು ಸಲ. ಮಾತಿನ ನಡುವೆ ನಿಂತುಬಿಡುತ್ತಿದ್ದರು. ನಾನು ಚಹಾಕ್ಕೆಂದು ಕೆಳಗಿಳಿದ ಒಂದು ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿತ್ತು. ಅಮ್ಮ ಹಿಂದಿನಿಂದ ಮೂರು ಸಲ ‘ಅತ್ತೀ’ ಅಂದಳು, ಅಜ್ಜಿ ತಿರುಗಲಿಲ್ಲ. ಕಿವಿಗೆ ಮಷಿನ್ ಹಾಕಿಕೊಂಡೇ ಇದ್ದರು. ಕೊನೆಗೆ ಅಮ್ಮ ಭುಜ ಮುಟ್ಟಿದಾಗ ಅವರು ಬೆಚ್ಚಿ ನೋಡಿದ ರೀತಿಯನ್ನು ನಾನು ಬರೆದುಕೊಳ್ಳಲಿಲ್ಲ. ಬರೆಯಲು ಮನಸ್ಸಾಗಲಿಲ್ಲ.

ನಮ್ಮ ಮನೆಯಲ್ಲಿ ಇದು ಸಣ್ಣ ವಿಷಯವಾಗಿರಲಿಲ್ಲ. ಅಜ್ಜಿಯ ಅಕ್ಕನಿಗೆ ಮರೆವಿನ ಕಾಯಿಲೆ ಬಂದಿತ್ತು. ಅದು ಶುರುವಾದದ್ದು ಯಾರೋ ಹಿತ್ತಲಲ್ಲಿ ಹಾಡುತ್ತಿದ್ದಾರೆ ಎಂಬ ಮಾತಿನಿಂದ. ಕೊನೆಗೆ ಆಕೆಗೆ ತನ್ನ ಮಕ್ಕಳ ಗುರುತೂ ಉಳಿಯಲಿಲ್ಲ. ಮೂರು ವರ್ಷ ಅವರ ಆರೈಕೆ ಮಾಡಿದವರು ಅಜ್ಜಿಯೇ. ಆ ಮೂರು ವರ್ಷಗಳ ಬಗ್ಗೆ ಅಪ್ಪನಿಗೆ ಎಲ್ಲ ಗೊತ್ತಿತ್ತು, ನನಗೆ ಅರ್ಧ ಗೊತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಚಹಾ ಕುಡಿಯುತ್ತಾ ಅಜ್ಜಿ, “ನನ್ನ ಟಿಕೀಟು ಜುಲೈದಾಗ ಐತೆಲ್ಲ, ಅದನ್ನ ಮೇದಾಗ ಮಾಡಸಾಕ ಬರತೈತೇನು?” ಎಂದು ಕೇಳಿದರು.

“ಯಾಕವ್ವಾ? ಇಲ್ಲೇನ ಕಡಿಮಿ ಆಗೈತಿ?” ಅಪ್ಪ ಕೇಳಿದರು.

“ಕಡಿಮಿ ಏನಿಲ್ಲಪಾ. ಕೈಕಾಲು ಗಟ್ಟಿ ಇದ್ದಾಗ ಹೋದ್ರ ಚಲೋ.”

“ಕೈಕಾಲು ಗಟ್ಟಿನ ಅದಾವಲ್ಲ.”

“ಅದಕ್ಕ ಹೇಳಿದ್ನಿ,” ಎಂದು ಅಜ್ಜಿ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಅಮ್ಮ ನೆನಪಿನ ಶಕ್ತಿ ಪರೀಕ್ಷೆ ಮಾಡುವ ಒಬ್ಬ ಡಾಕ್ಟರ ಬಳಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಅಜ್ಜಿಗೆ ‘ಸುಮ್ಮ ಒಂದು ಚೆಕಪ್ಪು’ ಎಂದು ಹೇಳಿದೆವು. ಅಜ್ಜಿ ಮೂವತ್ತು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ‘ಹೂಂ’ ಅಂದರು.

ಪರೀಕ್ಷೆಗೆ ಮುಂಚೆ ಒಂದು ಉದ್ದನೆಯ ಫಾರ್ಮು ತುಂಬಿ ಕಳಿಸಬೇಕಿತ್ತು. ಅಂಥ ಕೆಲಸ ನನಗೇ ಬರುತ್ತದೆ. ಆ ಭಾನುವಾರ ಯಾರೂ ತಿರುಗಾಡಲು ಹೋಗಲಿಲ್ಲ. ಅಮ್ಮ ಡ್ಯೂಟಿಗೆ ಹೋಗಿದ್ದಳು. ಅಪ್ಪ ಹೊರಗೆ ಹುಲ್ಲು ಕತ್ತರಿಸುತ್ತಿದ್ದರು. ನಾನೂ ಅಜ್ಜಿಯೂ ಅಡಿಗೆಮನೆಯ ಟೇಬಲ್ಲಿಗೆ ಕೂತೆವು. ನಾನು ಒಂದೊಂದೇ ಪ್ರಶ್ನೆ ಓದಿ ಹೇಳುವುದು, ಅವರು ಉತ್ತರಿಸುವುದು. ಗುಳಿಗೆಗಳು, ನಿದ್ದೆ, ಹಸಿವೆ. ಇಪ್ಪತ್ತೆರಡನೆಯ ಪ್ರಶ್ನೆಯವರೆಗೆ ಸಲೀಸಾಗಿ ಬಂತು.

“ಬ್ಯಾರೇದವರಿಗೆ ಕೇಳಸದಂಥಾದ್ದು ಏನರೆ ನಿನಗ ಕೇಳಸ್ತೈತೇನು ಅಜ್ಜಿ? ದನಿ, ಹಾಡು, ಹಂಗ ಏನರೆ?”

ನಾನು ‘ಇಲ್ಲ’ ಎಂಬ ಚೌಕದ ಮೇಲೆ ಬೆರಳಿಟ್ಟೆ.

“ಬರೀಬ್ಯಾಡ, ತಡಿ,” ಅಂದರು.

ಮೇಲೆ ಹೋಗಿ ತಮ್ಮ ಬಿಪಿ ಬರೆಯುವ ವಹಿ ತಂದರು. ಹಿಂದಿನ ಪುಟಗಳನ್ನು ತೆರೆದು ನನ್ನ ಮುಂದೆ ಇಟ್ಟರು. ಪೆನ್ಸಿಲಿನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದ್ದರು. ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಎಷ್ಟು ಸಲ, ಪಕ್ಕದಲ್ಲಿ ಯಾರಿದ್ದರು, ಅವರಿಗೆ ಕೇಳಿಸಿತೇ. ಕೊನೆಯ ಅಂಕಣದ ತುಂಬ ‘ಇಲ್ಲ, ಇಲ್ಲ, ಇಲ್ಲ.’ ವಾರ್ಡಿನಲ್ಲಿ ರೋಗಿಯ ಹಾಸಿಗೆಗೆ ತೂಗುಹಾಕುವ ಚಾರ್ಟನ್ನು ತಮಗೆ ತಾವೇ ಬರೆದುಕೊಂಡಿದ್ದರು.

“ಇದನ್ನ ಡಾಕ್ಟರಗ ತೋರಸು. ನಿಮ್ಮಪ್ಪಗ ನಾ ಹೇಳಾಂಗಿಲ್ಲ. ನೀನ ಹೇಳು,” ಅಂದರು. ಕೈ ಟೇಬಲ್ಲಿನ ಅಂಚನ್ನು ಬಿಡುತ್ತಿರಲಿಲ್ಲ. “ನಮ್ಮಕ್ಕಗೂ ಹಿಂಗ ಶುರುವಾಗಿದ್ದು.”

“ಏನ ಕೇಳಸ್ತೈತಿ ಅಜ್ಜಿ?”

“ಮೊದಲ ಯಾರೋ ಬಾಗಲಾ ಬಡೀತಾರ. ಮೂರ ಸರ್ತಿ. ಆಮ್ಯಾಲೆ ಒಂದು ಸಣ್ಣ ಗಂಟಿ. ಆಮ್ಯಾಲೆ ಒಬ್ಬಾಕಿ ಹುಡಿಗಿ ಹಾಡತಾಳ. ಯಾವ ಭಾಷಾನೋ ಗೊತ್ತಿಲ್ಲ. ಅದು ಮುಗದಿಂದ ಬ್ಯಾರೆ ಎರಡು ಹಾಡು. ಮತ್ತ ಬಾಗಲಾ.”

ಆ ಮೂರು ಬಡಿತ, ಆ ಗಂಟೆ ನನಗೆ ಗೊತ್ತಿತ್ತು. ಆದರೂ ಒಂದು ಪ್ರಶ್ನೆ ಬಂತು. “ಕಿವಿ ಮಷಿನ್ ತಗದ ನೋಡಿಯೇನು?”

“ನೋಡದ ಬಿಡ್ತೇನೇನು? ಅದನ್ನ ತಗದ್ರ ಹಾಡೂ ಕೇಳಸಾಂಗಿಲ್ಲ, ನಿಮ್ಮ ಮಾತೂ ಕೇಳಸಾಂಗಿಲ್ಲ. ಅದರಿಂದ ಏನ ತಿಳಕೋಬೇಕು? ಐತವಾರ ಹೊರಗ ಇರ್ತೇವಿ. ಮನ್ಯಾಗ ಇದ್ದ ದಿನದಾಗ ಬುಧವಾರ ಒಂದ ಬರಾಂಗಿಲ್ಲ. ಬುಧವಾರ ನಾ ಏನ ತಿಂತೇನಿ ಅಂತ ಲೆಕ್ಕಾ ಇಟ್ನಿ. ಅವತ್ತ ನಿಮ್ಮವ್ವ ಹೆಸರ ಪಲ್ಯಾ ಮಾಡತಾಳ. ಮತ್ತ ಗುರುವಾರ ನಾನ ಮಾಡಸಿಕೊಂಡು ತಿಂದ್ನಿ. ಆದ್ರೂ ಬಂತು.”

ನಾನು ಎರಡು ಮೆಟ್ಟಿಲಿಗೊಂದು ಹೆಜ್ಜೆ ಹಾಕಿ ಮೇಲೆ ಓಡಿದೆ. ನನ್ನ ನೋಟ್‌ಬುಕ್ಕನ್ನೂ ಆ ಫೋನನ್ನೂ ತಂದೆ. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟೆ. ನನ್ನದು ಮೂವತ್ತೊಂಬತ್ತು ದಿನ, ಅವರದ್ದು ಮೂವತ್ತೇಳು. ನಾನು ಹಲ್ಲಿನ ಡಾಕ್ಟರ ಬಳಿ ಹೋಗಿದ್ದ ಗುರುವಾರ ನನ್ನದೂ ಖಾಲಿ, ಅವರದ್ದೂ ಖಾಲಿ. ಗೆಳತಿಯ ಒತ್ತಾಯಕ್ಕೆ ಹದಿನಾಲ್ಕು ಸಲ ಹಾಕಿದ ಶನಿವಾರ ಅವರ ಪುಸ್ತಕದಲ್ಲಿ ‘14’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಕಡಿಮೆ ಬಿದ್ದ ಎರಡು ದಿನಗಳಲ್ಲಿ ಒಂದು ದಿನ ಅವರು ಬೆಳಿಗ್ಗೆಯಿಂದ ಅಪ್ಪನ ಜೊತೆ ಹೊರಗಿದ್ದರು, ಇನ್ನೊಂದು ದಿನ ಮಷಿನ್ ಚಾರ್ಜಿಗೆ ಹಾಕಲು ಮರೆತಿದ್ದರು. ಅದೂ ಅವರ ಟಿಪ್ಪಣಿಯಲ್ಲಿತ್ತು.

“ಅಜ್ಜಿ, ಈಗ ನನ್ನ ಮಾರಿ ನೋಡು,” ಎಂದು ಫೋನಿನಲ್ಲಿ ಹಾಡು ಹಾಕಿದೆ.

ಫೋನಿನಿಂದ ಸದ್ದು ಬರಲಿಲ್ಲ. ಅಡಿಗೆಮನೆಯಲ್ಲಿ ಫ್ರಿಜ್ಜಿನ ಗುಂಯ್ ಎನ್ನುವ ಸದ್ದು, ಹೊರಗೆ ಅಪ್ಪನ ಹುಲ್ಲಿನ ಯಂತ್ರ. ಅಜ್ಜಿ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಕೈ ತಾನಾಗಿ ಕಿವಿಗೆ ಹೋಯಿತು. ನಾನು ನಿಲ್ಲಿಸಿದೆ. ಕೈ ಇಳಿಯಿತು. ಮತ್ತೆ ಹಾಕಿದೆ.

“ಬಂತು,” ಅಂದರು.

ನಿಲ್ಲಿಸಿದೆ.

“ಹೋತು.”

ನಾನು ಮತ್ತೊಮ್ಮೆ ಹಾಕಿದೆ. ಅವರೇ ಬಲಗಿವಿಯ ಮಷಿನ್ ತೆಗೆದು ನನ್ನ ಕಿವಿಗೆ ಹಿಡಿದರು. ತೀರ ಸಣ್ಣಗೆ, ದೂರದಲ್ಲಿ ಯಾರೋ ಹಾಡುತ್ತಿರುವಂತೆ, ಆ ಹಾಡು.

“ಹಂಗಾರ ಇದು ನನ್ನ ತಲ್ಯಾಗ ಇಲ್ಲ?”

“ಇಲ್ಲ ಅಜ್ಜಿ. ನನ್ನ ಡ್ರಾವರದಾಗ ಐತಿ. ಕಾಲಚೀಲದ ಬುಡಕ.”

ಅಜ್ಜಿ ಕುರ್ಚಿಗೆ ಒರಗಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕಿತು. ಅಳುತ್ತಿದ್ದಾರೆಂದು ನಾನು ಎದ್ದು ಹತ್ತಿರ ಹೋದೆ. ಹೋದವಳ ತಲೆಗೆ ಬಿಪಿ ವಹಿಯಿಂದಲೇ ಒಂದು ಪೆಟ್ಟು ಬಿತ್ತು.

“ಎಂಟು ವಾರ! ಎಂಟು ವಾರ ಆ ಹುಡಿಗ್ಯಾರ ಕೈಲೆ ಬಾಗಲಾ ಬಡಸಿದಿ? ನಾ ಇಲ್ಲೆ ಯಾರಿಗೆ ಹೇಳ್ಲಿ, ಯಾರಿಗೆ ಬಿಡ್ಲಿ ಅಂತ ದಿನಾ ಒದ್ದಾಡೀನಿ. ಅವರ ಮನಿ ಹಾಳಾಗ್ಲಿ. ಏನ ಚಲೋ ಹಾಡತಾವ ಆದ್ರೂ.”

ಫೋನಿನಿಂದ ಮಷಿನ್ನಿಗೆ ನೇರವಾಗಿ ಹಾಡು ಹೋಗುವಾಗ, ಹೊರಗಿನ ಮಾತು ಅದರಲ್ಲಿ ತಗ್ಗುತ್ತದಂತೆ. ಆಮೇಲೆ ಓದಿ ತಿಳಿದುಕೊಂಡೆ. ರೊಟ್ಟಿ ಸುಟ್ಟ ದಿನ ಅಮ್ಮನ ಕೂಗು ಕೇಳಿಸದೆ ಇದ್ದದ್ದು, ಮಾತಿನ ಮಧ್ಯೆ ನಿಲ್ಲುತ್ತಿದ್ದದ್ದು ಎಲ್ಲ ಅದರಿಂದಲೇ. ಎರಡು ಸರದಿಗಳ ಹೊತ್ತಿನಲ್ಲಿ ಮಾತ್ರ ಹಾಗಾಗುತ್ತಿತ್ತು ಎಂಬುದನ್ನು ನಮ್ಮಲ್ಲಿ ಯಾರೂ ಗಡಿಯಾರ ನೋಡಿ ಗುರುತಿಸಿರಲಿಲ್ಲ. ಎಲ್ಲವನ್ನೂ ಬರೆದಿಡುವ ನಾನೂ ಗುರುತಿಸಿರಲಿಲ್ಲ.

ಅಪ್ಪ ಒಳಗೆ ಬಂದಾಗ ಅಜ್ಜಿಯೇ ಹೇಳಿದರು. ಅಪ್ಪ ಒಂದು ಲೋಟ ನೀರು ಕುಡಿದರು, ಇನ್ನೊಂದು ಲೋಟ ಕುಡಿದರು. ನನ್ನನ್ನು ಬೈಯಲು ಬಾಯಿ ತೆರೆದರು. ಬೈಗುಳದ ಬದಲು, “ಆ ಹಾಡು ನಂಗೂ ಕೇಳಸು,” ಅಂದರು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ಬ್ರೇಕ್ ರೂಮಿಗೆ ಬಂದೇನಿ, ಒಂದ ನಿಮಿಷ ಕೂಡತೇನಿ,” ಅಂದಳು. ಆ ಸಂಜೆ ಅಡಿಗೆ ಅಪ್ಪನದು. ಉಪ್ಪು ಹೆಚ್ಚಾಗಿತ್ತು, ಯಾರೂ ಉಳಿಸಲಿಲ್ಲ.

ನಾನು ಷಾರ್ಲೆಟ್‌ನ ಗೆಳತಿಗೂ ಫೋನು ಮಾಡಿದೆ. ಇನ್ನು ನನ್ನ ಲೆಕ್ಕ ನಿಂತಿತು, ಬೇಕಾದರೆ ಇರುವುದನ್ನೂ ತೆಗೆದುಹಾಕು ಎಂದೆ.

“ಯಾಕ್ ತೆಗೀಲಿ? ನಿನ್ನ ತ್ರೀ ನೈಂಟಿ ಫೋರೇ ಜೆನ್ಯೂನ್ ಕಣೇ. ನಮ್ದೆಲ್ಲ ಡ್ರಾವರ್ ಕೇಳಿದ್ದು, ನಿಂದು ಅಜ್ಜಿ ಕೇಳಿದ್ದಾರೆ.” ಆಮೇಲೆ, “ಅಜ್ಜಿ ಹುಷಾರಾಗಿದಾರಲ್ಲ?” ಎಂದು ಕೇಳಿದಳು. ಹೌದು ಅಂದೆ. ಆ ‘ಹೌದು’ ಬಾಯಿಂದ ಬಂದ ಮೇಲೆ ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಅಪಾಯಿಂಟ್‌ಮೆಂಟ್ ರದ್ದು ಮಾಡಬೇಕೇ ಎಂದು ಅಮ್ಮ ಕೇಳಿದಾಗ ಅಜ್ಜಿ ಒಪ್ಪಲಿಲ್ಲ. “ಹೋಗೂನು. ಹಾಡು ಒಂದ ಸುಳ್ಳಾತು. ಉಳದಿದ್ದನ್ನೂ ನೋಡಲಿ. ಅರ್ಧಾ ತಿಳಕೊಂಡು ಬದುಕಾಕ ನನ್ನ ಕಡೆ ಆಗಾಂಗಿಲ್ಲ.”

ಗುರುವಾರ ಅಪ್ಪ, ಅಜ್ಜಿ, ನಾನು ರಾಕ್‌ವಿಲ್‌ಗೆ ಹೋದೆವು. ಮನೆಯವರು ಅನುವಾದ ಮಾಡುವಂತಿರಲಿಲ್ಲ. ಸ್ಪೀಕರ್ ಫೋನಿನಲ್ಲಿ ಎಲ್ಲಿಂದಲೋ ಕನ್ನಡ ದುಭಾಷಿ ಹೆಂಗಸೊಬ್ಬರು, ಬೆಂಗಳೂರಿನ ಮಾತಿನವರು. ಅಜ್ಜಿ ಐದು ಪದಗಳನ್ನು ಕೇಳಿ, ಗಡಿಯಾರ ಬರೆದು, ನೂರರಿಂದ ಏಳೇಳು ಕಳೆದು, ಐದಕ್ಕೆ ಐದೂ ಪದ ಹೇಳಿದರು. ಡಾಕ್ಟರು ಕಾಗದ ತಿರುಗಿಸಿದರು.

“ಅಜ್ಜಿ, ಬೇರೆಯವ್ರಿಗೆ ಕೇಳಿಸದೆ ಇರೋದು ನಿಮಗೆ ಏನಾದ್ರೂ ಕೇಳಿಸುತ್ತಾ ಅಂತ ಡಾಕ್ಟರ್ ಕೇಳ್ತಿದ್ದಾರೆ,” ಎಂದಿತು ಫೋನು.

“ಕೇಳಸ್ತಿತ್ತು,” ಅಂದರು ಅಜ್ಜಿ. “ಎಂಟು ವಾರ. ದಿನಾ ಹತ್ತ ಸರ್ತಿ. ಕೊರಿಯಾದ ಹುಡಿಗ್ಯಾರು ಬಂದು ಹಾಡತಿದ್ರು.”

“ಕ್ಷಮಿಸಿ, ಇನ್ನೊಂದು ಸಲ ಹೇಳ್ತೀರಾ?” ಎಂದಿತು ಫೋನು.

ಅಜ್ಜಿ ಇನ್ನೊಂದು ಸಲ ಹೇಳಿದರು. ಆಕೆ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ಮಾಡಿದರು. ಡಾಕ್ಟರು ಪೆನ್ನು ಎತ್ತಿಕೊಂಡು ಬರೆಯತೊಡಗಿದರು. ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. ಅಜ್ಜಿ ಕೈಯಿಂದ ಅವರನ್ನು ಕೂರಿಸಿ, ನಿಧಾನವಾಗಿ ಎಲ್ಲ ಹೇಳಿದರು: ಮಷಿನ್ನು, ಹಳೇ ಫೋನು, ಹೆಸರಕಾಳಿನ ಪಲ್ಯ, ಕಾಲುಚೀಲ. ಕಾಲುಚೀಲದವರೆಗೆ ಬರುವಷ್ಟರಲ್ಲಿ ದುಭಾಷಿ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ತಮಗೆ ಅರ್ಥವಾಗುವ ಸರದಿಗಾಗಿ, ಪೆನ್ನು ಹಿಡಿದು, ಶಿಸ್ತಾಗಿ ಕಾದರು. ಅರ್ಥವಾದ ಮೇಲೆ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಇವರ ವಯಸ್ಸಿಗೆ ಇದು ಬಹಳ ಒಳ್ಳೆಯ ನೆನಪಿನ ಶಕ್ತಿ, ಒಂದು ವರ್ಷ ಬಿಟ್ಟು ಸುಮ್ಮನೆ ಒಮ್ಮೆ ತೋರಿಸಿ ಎಂದರು.

ವಾಪಸು ಬರಲು ಹೆದ್ದಾರಿ ಹಿಡಿದೆವು. ಅಪ್ಪ ಎಚ್ಚರಿಕೆಯ ಡ್ರೈವರು. ನಾವು ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಎರಡು ಮೈಲಿ ದೂರ ಇರುವಾಗಲೇ ಬಲಗಡೆ ಲೇನಿಗೆ ಬಂದುಬಿಡುವ ಮನುಷ್ಯ. ಅವತ್ತು ಕ್ಲಾರ್ಕ್ಸ್‌ಬರ್ಗ್‌ನ ಫಲಕ ಬಂತು, ಹೋಯಿತು. ಅಪ್ಪ ನಡುವಿನ ಲೇನಿನಲ್ಲಿ ಹಾಗೇ ಹೋಗುತ್ತಿದ್ದರು. ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು, ಒದ್ದೆಯಾಗಿತ್ತು. ನಾನು ಹೇಳಲು ಹೊರಟೆ. ಮುಂದಿನ ಸೀಟಿನಿಂದ ಅಜ್ಜಿ ಹಿಂದೆ ತಿರುಗಿ, ಬೇಡ ಎಂದು ತಲೆಯಾಡಿಸಿದರು.

ಹಾಗೆ ನಮ್ಮ ಊರು ದಾಟಿ ದೂರದ ಫ್ರೆಡರಿಕ್ ತನಕ ಹೋದೆವು.

“ಇಲ್ಲೆ ಎಲ್ಲೆರೆ ಚಾ ಸಿಗತೈತೇನಪಾ?” ಎಂದು ಅಜ್ಜಿ ಕೇಳಿದರು.